ಕಣ್ಣಿಲ್ಲದವರಿಗೆ ನಮ್ಮ ಮಠಗಳ ಪುಸ್ತಕಗಳೇಕೆ ಮುಚ್ಚಿವೆ?



ಈ ಲೇಖನವನ್ನು ಒಂದೇ ಕೈಯಲ್ಲಿ ಟೈಪ್ ಮಾಡಿದ್ದೇನೆ. ಹೊಗಳಿಸಿಕೊಳ್ಳಲು ಹೇಳುತ್ತಿಲ್ಲ, ಮುಂದೆ ಹೇಳುವ ವಿಷಯ ಅಲ್ಲಿಂದಲೇ ಶುರುವಾಯಿತು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದು, ನಿವೃತ್ತನಾಗಿ ಸ್ವಂತ ಊರು ಎಮ್ಮಿಗನೂರಿಗೆ ಬಂದು ನೆಲೆಸಿದ ಎರಡನೆಯ ವರ್ಷ ನನಗೆ ಲಕ್ವ ಹೊಡೆಯಿತು. (ಇದು ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು. ಆಂಧ್ರದ ಕರ್ನೂಲು ಜಿಲ್ಲೆಯ ಎಮ್ಮಿಗನೂರು ನೋಡಿಕೊಂಡು ತಡವಾಗಿ ಬಂದ ಟಪಾಲುಗಳು ನನ್ನ ಬಳಿ ಎಷ್ಟೋ ಇವೆ.) ಮಾತು ಸ್ವಲ್ಪ ದಿನ ತೊದಲಿ ಸರಿಹೋಯಿತು. ಕಾಲು ಮೂರ್ನಾಲ್ಕು ತಿಂಗಳಲ್ಲಿ ದಾರಿಗೆ ಬಂತು. ಬಲಗೈ ಬರಲಿಲ್ಲ. ಇಷ್ಟಲಿಂಗಕ್ಕೆ ಎಡ ಅಂಗೈ ಉಳಿದಿದೆ. ವಿಭೂತಿ ಹಚ್ಚುವ ಕೈ ಮಾತ್ರ ಈಗ ನನ್ನ ಮನೆಯವರದು.

ಪೆನ್ನು ಹಿಡಿಯಲಾಗದ ಮೇಲೆ ಕಂಪ್ಯೂಟರಿನಲ್ಲಾದರೂ ಬರೆಯೋಣ ಎಂದು ಕುಳಿತೆ. ಕನ್ನಡ ಕೀಲಿಮಣೆ ಬಲ್ಲವರಿಗೆ ಗೊತ್ತು, ಹಲವು ಅಕ್ಷರಗಳಿಗೆ ಶಿಫ್ಟ್ ಒತ್ತಿ ಹಿಡಿದುಕೊಂಡೇ ಇನ್ನೊಂದು ಕೀಲಿ ಒತ್ತಬೇಕು. ಎಡಗೈಯೊಂದರಿಂದ ‘ಲ’ ಬರುತ್ತಿತ್ತು, ‘ಳ’ಕ್ಕೆ ಬೆರಳು ಹಿಗ್ಗುತ್ತಿರಲಿಲ್ಲ. ‘ನ’ ಬರುತ್ತಿತ್ತು, ‘ಣ’ ಬರುತ್ತಿರಲಿಲ್ಲ. ಅಪ್ಪ ಬಸವಣ್ಣನವರ ಹೆಸರು ನನ್ನ ಪರದೆಯ ಮೇಲೆ ‘ಬಸವನ್ನ’ ಎಂದೇ ಮೂಡುತ್ತಿತ್ತು. ಕೊನೆಗೊಂದು ರಾತ್ರಿ, ಸಿಗ್ನಲ್ ಚೆನ್ನಾಗಿ ಸಿಗುವ ಮಾಳಿಗೆಯ ಮೇಲೆ ಕುಳಿತು ಹುಡುಕಿದೆ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಸೌಲಭ್ಯ ತೆರೆಯುತ್ತದೆ. ಆಮೇಲೆ ಶಿಫ್ಟ್ ಹಿಡಿದುಕೊಳ್ಳಬೇಕಿಲ್ಲ. ಒಮ್ಮೆ ಒತ್ತಿ ಬಿಟ್ಟು, ನಂತರ ಅಕ್ಷರ ಒತ್ತಿದರೆ ಸಾಕು. ‘ಣ’ ಬಂತು. ಈ ಸೌಲಭ್ಯ ವಿಂಡೋಸ್‌ನಲ್ಲಿ 1995ರಿಂದಲೂ ಇದೆ. ಇಷ್ಟು ವರ್ಷ ಕಚೇರಿಯಲ್ಲಿ ಅದೇ ಯಂತ್ರದ ಮುಂದೆ ಕುಳಿತಿದ್ದೆ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕೈ ಚೆನ್ನಾಗಿತ್ತಲ್ಲ!

ಆ ರಾತ್ರಿಯಿಂದ ಅದೇ ಹುಚ್ಚು ಹಿಡಿಯಿತು. ಅಂಗವಿಕಲರು ಕಂಪ್ಯೂಟರ್ ಬಳಸುವ ಬಗೆಗಳನ್ನು ಒಂದೊಂದಾಗಿ ಕಲಿಯುತ್ತ ಹೋದೆ. ಕೈಕಾಲು ಮಾತು ಎಲ್ಲ ನಿಂತಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೆನ್ನೆಯ ಒಂದು ಸ್ನಾಯುವಿನ ಅಲುಗಾಟದಿಂದ ಅಕ್ಷರ ಆರಿಸಿ ಪುಸ್ತಕ ಬರೆದರು. ಕಣ್ಣುಗುಡ್ಡೆ ತಿರುಗಿದತ್ತ ಬಾಣದ ಗುರುತು ಚಲಿಸುವ ಸಾಧನವಿದೆ. ಕೊಳವೆಯೊಂದನ್ನು ಬಾಯಲ್ಲಿಟ್ಟು ಊದಿ, ಹೀರಿ ನಡೆಸುವ ಯಂತ್ರವಿದೆ. ಕಿವಿ ಕೇಳದವರಿಗೆ ಮಾತು ಅಕ್ಷರವಾಗಿ ಪರದೆಯ ಕೆಳಗೆ ಓಡುತ್ತದೆ. ಕಣ್ಣಿಲ್ಲದವರಿಗೆ ಪರದೆಯ ಮೇಲಿನ ಅಕ್ಷರವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವಿದೆ. ಅದಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಯುವಕರು ಆರಂಭಿಸಿದರು. ಇಬ್ಬರೂ ಅಂಧರು. ದುಬಾರಿ ತಂತ್ರಾಂಶ ಕೊಳ್ಳಲಾಗದವರ ಕೈಗೂ ಸಿಗಲೆಂದು ಅದನ್ನು ಪುಕ್ಕಟೆಯಾಗಿ ಹಂಚುತ್ತಾರೆ. ಇಬ್ಬರಿಗೂ ನಮ್ಮ ಬಸವಾದಿ ಶರಣರ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಇದು ದಾಸೋಹವಲ್ಲದೆ ಇನ್ನೇನು? ಅದು ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಒರಟು, ಕೇಳಿ ರೂಢಿಯಾಗಬೇಕು. ಈಗಿನ ಮೊಬೈಲುಗಳಲ್ಲಿ ಇದಕ್ಕಿಂತ ಇಂಪಾದ ಕನ್ನಡ ದನಿ ಬಂದಿದೆ, ಅದಕ್ಕೂ ಕಾಸಿಲ್ಲ.

ನನ್ನ ತಮ್ಮನ ಮಗಳು ಹುಟ್ಟಿನಿಂದಲೇ ದೃಷ್ಟಿ ಇಲ್ಲದವಳು. ಹೊಸಪೇಟೆಯಲ್ಲಿದ್ದಾಳೆ, ಕನ್ನಡ ಎಂ.ಎ. ಓದುತ್ತಿದ್ದಾಳೆ. ಇಷ್ಟು ವರ್ಷ ಅವಳು ಹೇಗೆ ಓದಿದಳು ಎಂದು ದೊಡ್ಡಪ್ಪನಾದ ನಾನು ಒಂದು ದಿನವೂ ಕೇಳಿರಲಿಲ್ಲ. ಕೈ ಬಿದ್ದ ಮೇಲೆ ಕೇಳಿದೆ. ಅವಳವ್ವ ರಾತ್ರಿ ಅಡಿಗೆ ಕೆಲಸ ಮುಗಿಸಿ ಪಠ್ಯಪುಸ್ತಕ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದಳಂತೆ. ಈಗ ಸ್ಕ್ರೀನ್ ರೀಡರ್ ಬಂದ ಮೇಲೆ ಅವಳೇ ಓದಿಕೊಳ್ಳುತ್ತಾಳೆ. ನಾನು ಕಲಿತದ್ದನ್ನು ಅವಳಿಗೆ ತೋರಿಸಲು ಹೋಗಿ ನಗೆಪಾಟಲಾದೆ; ಅವಳಿಗೆ ಅದೆಲ್ಲ ನನಗಿಂತ ಮೊದಲೇ ಗೊತ್ತಿತ್ತು.

ಶರಣರೊಬ್ಬರ ಜೀವನ ಕುರಿತ ಪುಸ್ತಕ ಬೇಕೆಂದಳು. ನಮ್ಮ ಕಡೆಯ ಮಠವೊಂದು ಅದನ್ನು ಪ್ರಕಟಿಸಿದೆ. ಮಠದ ಹೆಸರು ಇಲ್ಲಿ ಬೇಡ. ಇಂಥ ಮಠ ಅದೊಂದೇ ಅಲ್ಲ. ಕೇಳಿದ ದಿನವೇ ಪ್ರಕಟಣೆ ನೋಡಿಕೊಳ್ಳುವವರು ಪಿಡಿಎಫ್ ಕಳಿಸಿದರು, ದೊಡ್ಡ ಮನಸ್ಸು. ನಾನು ಅವಳಿಗೆ ಕಳಿಸಿದೆ. ಸಂಜೆ ಫೋನ್ ಬಂತು.

“ದೊಡ್ಡಪ್ಪಾ, ನೀವು ಕಳಿಸಿದ ಪುಸ್ತಕ ಒಂದಕ್ಷರಾನೂ ಕನ್ನಡ ಓದವಲ್ದು. ಬರೀ ಸೆಕ್ಷನ್, ಪೌಂಡ್, ಎ, ಕ್ಯೂ ಅಂತ ಒದರಾಕತ್ತೈತಿ.”

ಕಣ್ಣಿಟ್ಟು ನೋಡಿದರೆ ಪುಟ ಚೆಂದದ ಕನ್ನಡ. ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ ಅಲ್ಲಿ ಕನ್ನಡವೇ ಇಲ್ಲ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮಠಗಳ ಪ್ರಕಟಣೆಯ ಹಿರಿಯರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಇದು ತಿಳಿದಿಲ್ಲವೆಂದೇ ನನ್ನ ಅನುಭವ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಅಂಕಿಯನ್ನು ಗೊತ್ತುಮಾಡಿದ ಏರ್ಪಾಡಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ ಕನ್ನಡದ ‘ಕ’ ಎಂದರೆ 3221. ಅಮೆರಿಕದಲ್ಲಿ ತೆರೆದರೂ, ಕಂಪ್ಲಿಯಲ್ಲಿ ತೆರೆದರೂ 3221 ಎಂದರೆ ‘ಕ’ವೇ. ಇದು ರೂಢಿಗೆ ಬರುವ ಮೊದಲು ನಮ್ಮವರು ಒಂದು ಉಪಾಯ ಮಾಡಿಕೊಂಡಿದ್ದರು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅಂಕಿಗಳನ್ನೇ ಇಟ್ಟುಕೊಂಡು, ಅವುಗಳ ಮೇಲೆ ಕನ್ನಡದ ಚಿತ್ರ ತೊಡಿಸಿದರು. ಹಳೆಯ ನುಡಿಯಲ್ಲಿ ‘ಕ’ ಎಂದು ಟೈಪ್ ಮಾಡಿದರೆ ಒಳಗೆ ಉಳಿಯುವುದು 80 ಮತ್ತು 192: ಅಂದರೆ ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಒಂದು ‘ಎ’. ‘ನ’ ಅಕ್ಷರದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ ಇದೆ. ‘ಬಸವಣ್ಣ’ ಎಂಬ ಹೆಸರು ವಕೀಲರು ಕಾನೂನು ಪುಸ್ತಕದಲ್ಲಿ ಬಳಸುವ ಸೆಕ್ಷನ್ ಚಿಹ್ನೆಯಿಂದ ಶುರುವಾಗುತ್ತದೆ. ಕಣ್ಣಿದ್ದವರು ಮೇಲಿನ ಅಂಗಿಯನ್ನು ನೋಡುತ್ತೇವೆ, ಬಸವಣ್ಣ ಎಂದು ಓದುತ್ತೇವೆ. ಸ್ಕ್ರೀನ್ ರೀಡರಿಗೆ ಅಂಗಿ ಕಾಣುವುದಿಲ್ಲ, ಒಳಗಿನ ಅಂಕಿಯನ್ನೇ ಅದು ಓದುತ್ತದೆ. ನನ್ನ ಮಗಳಿಗೆ (ತಮ್ಮನ ಮಗಳು ನನಗೂ ಮಗಳೇ) ಬಸವಣ್ಣನವರ ಬದಲು ‘ಸೆಕ್ಷನ್’ ಕೇಳಿಸಿತು.

ಇದಕ್ಕೆ ನುಡಿಯನ್ನು, ಅದನ್ನು ಮಾಡಿದವರನ್ನು ದೂರಬೇಡಿ. ಆ ಕಾಲಕ್ಕೆ ಅದು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆ. ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಬಂದೂ ಆಗಿದೆ. ಹಳೆಯದನ್ನು ಬಿಡದವರು ನಾವು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪೇಜ್‌ಮೇಕರ್ ನಡೆಯುತ್ತದೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಆ ಒಂದು ತಂತ್ರಾಂಶದ ಹಠಕ್ಕೆ ನಾವು ಇಪ್ಪತ್ತು ವರ್ಷಗಳ ಶರಣ ಸಾಹಿತ್ಯವನ್ನು ಪೌಂಡು, ಸೆಕ್ಷನ್ನುಗಳಲ್ಲಿ ಕೂಡಿಹಾಕಿದ್ದೇವೆ. ಇನ್ನು ಕೆಲವರು ಹಳೆಯ ಪುಸ್ತಕದ ಪುಟಗಳನ್ನು ಫೋಟೊ ತೆಗೆದು ಹಂಚುತ್ತಾರೆ. ಅದರೊಳಗೆ ಆ ತಪ್ಪು ಅಂಕಿಯೂ ಇಲ್ಲ, ಸ್ಕ್ರೀನ್ ರೀಡರ್ ಅಲ್ಲಿ ಪೂರಾ ಮೌನ.

ಮೂಲ ವಚನಗಳ ಮಟ್ಟಿಗೆ ಹೀಗಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರದಷ್ಟು ವಚನಗಳು ಯೂನಿಕೋಡ್‌ನಲ್ಲಿವೆ. ಕೆಲವು ಕನ್ನಡದ ಉತ್ಸಾಹಿಗಳು ಸೇರಿ ಮಾಡಿದ ಕೆಲಸ. ಒಂದು ಪದ ಕೊಟ್ಟರೆ ಅದು ಯಾರ ಯಾರ ವಚನಗಳಲ್ಲಿ ಬಂದಿದೆ ಎಂದು ತೋರಿಸುತ್ತದೆ. ನನ್ನ ಮಗಳು ಅದನ್ನು ಸಲೀಸಾಗಿ ಓದುತ್ತಾಳೆ. 1993ರಲ್ಲಿ 15 ಸಂಪುಟಗಳ ಸಮಗ್ರ ವಚನ ಸಂಪುಟ ಬಂದಾಗ ಅದನ್ನು ಮನೆಗೆ ತಂದು ಕಪಾಟಿನಲ್ಲಿಟ್ಟವನು ನಾನು. ಆ ಕಪಾಟಿಗಿಂತ ಹೆಚ್ಚು ವಚನ ಅವಳ ಫೋನಿನಲ್ಲಿ ಓಡಾಡುತ್ತಿವೆ. ಮುಚ್ಚಿರುವುದು ಉಳಿದದ್ದು: ವ್ಯಾಖ್ಯಾನ, ಶರಣರ ಚರಿತ್ರೆ, ಪ್ರವಚನ ಸಂಗ್ರಹ, ಸ್ಮರಣ ಸಂಚಿಕೆ, ಮಕ್ಕಳ ಪರೀಕ್ಷೆಯ ಪುಸ್ತಕ. ಮಠಗಳು ಅಚ್ಚು ಹಾಕಿಸುವ ಬಹುಪಾಲು ಅದೇ.

ಈ ಮಾತು ಹೇಳಲು ಆ ಮಠಕ್ಕೆ ನಾನೇ ಹೋಗಿದ್ದೆ. ಪ್ರಕಟಣೆ ನೋಡಿಕೊಳ್ಳುವ ಹಿರಿಯರು ಚಹಾ ಕೊಟ್ಟರು, ಪೂರ್ತಿ ಕೇಳಿದರು. ಕೇಳಿ ಹೇಳಿದ ಮೊದಲ ಮಾತು: “ಎಂಥಾ ಮಾತ್ರೀ ಎಂಜಿನಿಯರ್ ಸಾಹೇಬ್ರ, ಕಣ್ಣಿಲ್ಲದೋರು ಎಷ್ಟು ಮಂದಿ ಅದಾರ ಪುಸ್ತಕ ಓದೋರು?” 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. ಎಲ್ಲರೂ ಅಂಧರಲ್ಲ, ನಿಜ. ಆದರೆ ಈ ಪತ್ರಿಕೆಯ ಓದುಗರನ್ನೇ ನೋಡಿಕೊಳ್ಳಿ. ನಮ್ಮಲ್ಲಿ ಅರವತ್ತು ದಾಟಿದವರೇ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರು, ಪೊರೆ ಬಂದವರು, ಅಕ್ಷರ ಸಣ್ಣದೆಂದು ಓದು ಬಿಟ್ಟವರು ಎಷ್ಟು ಜನ? ಇವರ ಕೈಯಲ್ಲೆಲ್ಲ ಮೊಬೈಲ್ ಇದೆ. ಯೂನಿಕೋಡ್‌ನಲ್ಲಿದ್ದರೆ ಅದು ಓದಿ ಹೇಳುತ್ತದೆ. ಮನೆಗೆ ಬಂದ ಪತ್ರಿಕೆಯನ್ನು ಮೊಮ್ಮಗ ಓದಿ ಹೇಳಲಿ ಎಂದು ಕಾಯುತ್ತ ಕೂತವರನ್ನು ನಮ್ಮೂರಲ್ಲೇ ಕಂಡಿದ್ದೇನೆ.

ಎರಡನೆಯ ಮಾತು: “ಫೈಲ್ ಕೊಟ್ಟರೆ ಬೇರೆಯವರು ಅಚ್ಚು ಹಾಕಿಸಿಕೊಂಡು ಮಾರುತ್ತಾರೆ.” ಮಠ ಪುಸ್ತಕ ತರುವುದು ತತ್ವ ಹರಡಲೋ, ಮಾರಾಟಕ್ಕೋ ಎಂದು ಕೇಳುವ ನಾಲಿಗೆಯನ್ನು ಅಂದು ಹಿಡಿದೆ, ಇಂದು ಹಿಡಿಯುವುದಿಲ್ಲ. ಕಾನೂನು ಕೂಡ ಇವರ ಪರವಾಗಿಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಾಯಿಸಿಕೊಳ್ಳಲು ಪ್ರಕಾಶಕರ ಅಪ್ಪಣೆ ಬೇಕಿಲ್ಲವೆಂದು ಆಗಿದೆ. ಇದೇ ಉದ್ದೇಶದ ಮರ್ರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ದೇಶ ಮುಂದೆ ಹೋಗಿದೆ. ಸಮಾನತೆಯ ಹೆಸರಿನಲ್ಲಿ ಹುಟ್ಟಿದ ಧರ್ಮದ ಮಠಗಳು ಹಿಂದೆ ಉಳಿದಿವೆ.

ಮೂರನೆಯ ಮಾತು ನನಗೆ ನಿಜವಾಗಿ ನೋವು ಕೊಟ್ಟಿತು. “ಅಂಧರಿಗೆ ನಮ್ಮವರು ಮಾಡಿದಷ್ಟು ಯಾರು ಮಾಡ್ಯಾರ್ರೀ? ಗದಗ ನೋಡ್ರಿ.”

ಗದಗನ್ನು ನೋಡಿಯೇ ಮಾತಾಡುತ್ತಿದ್ದೇನೆ. ಹಾನಗಲ್ಲ ಕುಮಾರ ಶಿವಯೋಗಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು, ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರಿಗೆ ಅನ್ನ, ಅರಿವು ಎರಡನ್ನೂ ಕೊಟ್ಟರು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಆ ಕೆಲಸವನ್ನು ಬದುಕಿನುದ್ದಕ್ಕೂ ನಡೆಸಿದರು. ಸ್ವತಃ ಕಣ್ಣಿಲ್ಲದೆ ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದರು. ಅವರ ಪಾದಕ್ಕೆ ನನ್ನ ತಲೆ ಸದಾ ಬಾಗುತ್ತದೆ. ಆದರೆ ಯೋಚಿಸಿ: ಅವರು ಸಂಗೀತವನ್ನೇ ಏಕೆ ಹಿಡಿದರು? ಕಣ್ಣಿಲ್ಲದ ಮಗು ಇನ್ನೊಬ್ಬರ ಹಂಗಿಲ್ಲದೆ ದುಡಿದು ತಿನ್ನಬಲ್ಲ ಕಾಯಕ ಆ ಕಾಲದಲ್ಲಿ ಅದೇ ಇತ್ತು. ಅಂದಿನ ಅತ್ಯುತ್ತಮ ಸಾಧನ ಕಿವಿ ಮತ್ತು ನೆನಪು. ಅದನ್ನು ಅವರು ಕೊನೆಯ ಅಳತೆಯವರೆಗೂ ಬಳಸಿದರು. ನಾವು ಅವರಿಂದ ಕಲಿತದ್ದು ಅದಲ್ಲ. ‘ಕುರುಡನೆಂದರೆ ಹಾರ್ಮೋನಿಯಂ’ ಎಂಬುದನ್ನು ಮಾತ್ರ ಕಲಿತೆವು. ನನ್ನ ಮಗಳಿಗೆ ರಾಗ ಹಿಡಿಯಲು ಬರುವುದಿಲ್ಲ. ಅವಳಿಗೆ ಸಂಶೋಧನೆ ಮಾಡಬೇಕಂತೆ, ಅದೂ ಕಾಯಕದ ಶರಣೆಯರ ಮೇಲೆ. ಮದುವೆ ಮನೆಯಲ್ಲಿ ಕಂಡವರೆಲ್ಲ “ಒಂದು ಹಾಡು ಹೇಳವ್ವಾ” ಎನ್ನುತ್ತಾರೆ. ಏನು ಓದ್ತೀಯವ್ವಾ ಎಂದು ಕೇಳಿದವರಿಲ್ಲ.

ಪಂಚಾಕ್ಷರಿ ಗವಾಯಿಗಳು ಇಂದು ಇದ್ದಿದ್ದರೆ ಆಶ್ರಮದ ಪ್ರತಿ ಮಗುವಿನ ಮುಂದೆ ಹಾರ್ಮೋನಿಯಂ ಜೊತೆಗೆ ಕಂಪ್ಯೂಟರ್ ಇಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ಮಾತಿನಲ್ಲೇ ಒಂದು ತೊಡಕಿದೆ, ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರ ‘ಅಂಗವಿಕಲ’ ಎಂಬುದನ್ನು ಬಿಟ್ಟು ‘ವಿಕಲಚೇತನ’ ಎಂದು ಬರೆಯುತ್ತದೆ, ನಮ್ಮ ಪತ್ರಿಕೆಗಳೂ ಗೌರವವೆಂದು ಅದನ್ನೇ ಬರೆಯುತ್ತವೆ. ನನ್ನ ಅಂಗ ವಿಕಲವಾಗಿದೆ, ಒಪ್ಪುತ್ತೇನೆ. ಚೇತನ ವಿಕಲವಾಗಿದೆ ಎಂದರೆ ಲಿಂಗಾಯತನಾಗಿ ನಾನು ಒಪ್ಪಲಾರೆ. ಪ್ರತಿಯೊಬ್ಬರ ಅಂಗೈಯಲ್ಲೂ ಲಿಂಗವಿಟ್ಟ ಧರ್ಮ ಇದು. ಹಿಂದಿನ ಜನ್ಮದ ಪಾಪದಿಂದ ಕಣ್ಣು ಹೋಯಿತು ಎನ್ನುವವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಹೊರಗಿನ ಕರ್ಮಸಿದ್ಧಾಂತವನ್ನು ವೇದಿಕೆಯ ಮೇಲೆ ಬೈದು, ಮನೆಯ ತೊಟ್ಟಿಲ ಮುಂದೆ ಅದನ್ನೇ ಪಿಸುಗುಟ್ಟುತ್ತೇವೆ.

ಹನ್ನೆರಡನೆಯ ಶತಮಾನದಲ್ಲಿ ನಡೆದದ್ದೇನು? ಸಂಸ್ಕೃತವೆಂಬ ಬೀಗದೊಳಗಿದ್ದ ಅರಿವನ್ನು ಶರಣರು ಅಂಬಿಗರು, ಮಾದಾರರು, ಹೆಣ್ಣುಮಕ್ಕಳು ಆಡುವ ಕನ್ನಡಕ್ಕೆ ತಂದರು. ಕೇಳುವ ಹಕ್ಕಿಲ್ಲವೆಂದು ದೂರ ಇಟ್ಟವರಿಗೆ ಕೇಳಿಸಿದರು, ಅವರಿಂದಲೇ ಹೇಳಿಸಿದರು. ಆ ಮಾತು ಮತ್ತೆ ತಾಳೆಗರಿಗಳಲ್ಲಿ, ಮನೆಗಳ ಅಟ್ಟದಲ್ಲಿ, ಪೂಜೆಯ ಗಂಟುಗಳಲ್ಲಿ ಸೇರಿಕೊಂಡಾಗ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ಹೊರತಂದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. ವಚನಗಳನ್ನು ಅಚ್ಚು ಹಾಕಲು ವಿಜಾಪುರದಲ್ಲಿ ತಾವೇ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ತಂದರು, ಮನೆ ಮಾರಿಕೊಂಡರು. ತಾಳೆಗರಿಯಿಂದ ಅಚ್ಚಿಗೆ ತರಲು ಅವರು ಮನೆ ಮಾರಬೇಕಾಯಿತು. ಅಚ್ಚಿನಿಂದ ಯೂನಿಕೋಡ್‌ಗೆ ತರಲು ನಾವು ಏನು ಮಾರಬೇಕು? ಡಿಟಿಪಿ ಮಾಡುವವರಿಗೆ ಒಂದು ಮಾತು ಹೇಳಬೇಕು, ಅಷ್ಟೇ.

ಎಂಜಿನಿಯರ್ ಆದವನು ಕೆಲಸದ ಲೆಕ್ಕ ಹೇಳದೆ ಬಿಡಬಾರದು. ಹೊಸ ಪುಸ್ತಕಗಳಿಗೆ ಖರ್ಚೇ ಇಲ್ಲ: ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಈಗಿನ ಪುಟವಿನ್ಯಾಸದ ತಂತ್ರಾಂಶಗಳು ಅದನ್ನು ಒಪ್ಪುತ್ತವೆ. ಹಳೆಯ ನುಡಿ ಫೈಲುಗಳನ್ನು ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಇಡೀ ಪುಸ್ತಕ ನಿಮಿಷಗಳಲ್ಲಿ ಬದಲಾಗುತ್ತದೆ. ಆದರೆ ತಿದ್ದಬೇಕು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು, ಅಲ್ಲಲ್ಲಿ ಎಡವುತ್ತದೆ. ಫೋಟೊ ರೂಪದ ಹಳೆಯ ಪುಸ್ತಕಗಳದು ಇನ್ನಷ್ಟು ಕಷ್ಟ, ಅಸಾಧ್ಯವಲ್ಲ. ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೆ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬುದನ್ನು ರೂಪಿಸಿದೆ; ಹಳಗನ್ನಡದ ಪುಟಗಳ ಮೇಲೂ ಅದನ್ನು ಪರೀಕ್ಷಿಸಿದ್ದಾರೆ.

“ಪ್ರವಚನದ ಆಡಿಯೋ ಇದೆಯಲ್ಲ, ಕೇಳಲಿ” ಎನ್ನುವವರಿಗೂ ಒಂದು ಮಾತು. ಕೇಳುವುದು ಬೇರೆ, ಓದುವುದು ಬೇರೆ. ಆಡಿಯೋದಲ್ಲಿ ಒಂದು ಪದ ಹುಡುಕಲಾಗದು, ಪುಟ ತಿರುವಲಾಗದು, ಕಾಗುಣಿತ ತಿಳಿಯದು. ನನ್ನ ಮಗಳು ಸ್ಕ್ರೀನ್ ರೀಡರನ್ನು ಒಂದೊಂದೇ ಅಕ್ಷರಕ್ಕೆ ನಿಲ್ಲಿಸಿ ಓದುತ್ತಾಳೆ. ಆ ಮಠದ ಪುಸ್ತಕವನ್ನು ಕಡೆಗೆ ನಾನೇ ಪರಿವರ್ತಿಸಿ ಕೊಟ್ಟೆ, ಅರ್ಕಾವತ್ತುಗಳನ್ನು ಅವಳು ಕಿವಿಯಿಂದ ತಿದ್ದಿದಳು. ತಿದ್ದುವಾಗ ಸಿಕ್ಕಿದ್ದು: ಒಂದೇ ಅಧ್ಯಾಯದಲ್ಲಿ ಆ ಶರಣರ ಹೆಸರು ಎರಡು ಬಗೆಯಲ್ಲಿ ಅಚ್ಚಾಗಿದೆ. ಮೂರು ಮುದ್ರಣ ಕಂಡ ಪುಸ್ತಕ. ಕಣ್ಣಿದ್ದ ಯಾರಿಗೂ ಅದು ಕಂಡಿರಲಿಲ್ಲ.

ಇಷ್ಟು ಬೈದ ಮೇಲೆ ನನ್ನ ಪಾಲನ್ನೂ ಹೇಳಬೇಕು. ಇಲಾಖೆಯಲ್ಲಿ ನಾನು ಅಂದಾಜುಪಟ್ಟಿಗೆ ಸಹಿ ಹಾಕಿದ ಕಚೇರಿ, ಪರಿವೀಕ್ಷಣಾ ಮಂದಿರಗಳಿಗೆ ಗಾಲಿಕುರ್ಚಿಯ ಇಳಿಜಾರು ದಾರಿ ಇರಲಿಲ್ಲ. ಹನ್ನೆರಡು ಅಡಿಗೆ ಒಂದಡಿ ಏರು ಎಂಬ ಅಳತೆ ಪುಸ್ತಕದಲ್ಲಿತ್ತು, ಓದಿದ್ದೆ. 1995ರ ಕಾಯ್ದೆಯೂ ಬಂದಿತ್ತು. ಯಾರು ಬರುತ್ತಾರೆ ಎಂದು ಬಿಟ್ಟೆ. ಈಗ ಮೂರು ಮೆಟ್ಟಿಲಿದ್ದರೂ ಕಂಬಿ ಇದೆಯೇ ಎಂದು ಮೊದಲು ನೋಡುವವನು ನಾನೇ. ಕಳೆದ ವರ್ಷ ಒಂದು ಸಮಾರಂಭಕ್ಕೆ ಹೋಗಿದ್ದೆ. ಅಂಗವಿಕಲರಿಗೆ ತ್ರಿಚಕ್ರ ವಾಹನ ವಿತರಣೆ. ವೇದಿಕೆಗೆ ಏಳು ಮೆಟ್ಟಿಲು. ವಾಹನ ಪಡೆಯುವವರನ್ನು ನಾಲ್ವರು ಹೊತ್ತು ಮೇಲೇರಿಸಿ, ಫೋಟೊ ತೆಗೆಸಿ, ಹೊತ್ತು ಇಳಿಸಿದರು. ಹಾರ ಹಾಕಿಸಿಕೊಂಡವರು ದಾನಿಗಳು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂದಾದರೆ ಅದಕ್ಕೆ ದಾನವೆನ್ನಿ, ದಾಸೋಹ ಎನ್ನಬೇಡಿ.

ಕಾಲುವೆಯ ಕೆಲಸ ಮಾಡಿದವರು ತೂಬು ನೋಡುವುದು ಕೊನೆಯಿಂದ. ಮೇಲಿನ ಗದ್ದೆ ತುಂಬಿ ಹರಿದರೆ ಅದು ಲೆಕ್ಕಕ್ಕಿಲ್ಲ. ಕೊನೆಯ ತೂಬಿಗೆ ನೀರು ಬಂದಿತೋ ಇಲ್ಲವೋ ಅಷ್ಟೇ. ನಮ್ಮ ಮಠಗಳು ಎಷ್ಟು ಪುಸ್ತಕ ತಂದವು ಎಂಬ ಪಟ್ಟಿಯನ್ನು ಪ್ರತಿ ಜಾತ್ರೆಯಲ್ಲೂ ಓದುತ್ತಾರೆ. ಅದರಲ್ಲಿ ಎಷ್ಟು ಯೂನಿಕೋಡ್‌ನಲ್ಲಿವೆ ಎಂದು ಪೂಜ್ಯರ ಮುಂದೆ ಎದ್ದು ನಿಂತು ಕೇಳಿ. ಉತ್ತರ ಬರದಿದ್ದರೆ ಮುಂದಿನ ಜಾತ್ರೆಯಲ್ಲೂ ಕೇಳಿ. ಹಳೆಯ ಫೈಲುಗಳಿರುವ ಯಾವ ಮಠವಾದರೂ ಸರಿ, ನನಗೆ ಕಳಿಸಲಿ. ಪರಿವರ್ತಿಸಿ, ತಿದ್ದಿ ಕೊಡುತ್ತೇನೆ. ಒಂದೇ ಕೈ, ನಿಧಾನವಾಗುತ್ತದೆ. ಆದರೆ ಬೇಸಿಗೆಯಲ್ಲಿ ಗದ್ದೆ ಖಾಲಿ ಇರುವಾಗ ನನಗೆ ಬೇರೆ ಕೆಲಸವಿಲ್ಲ.

ಈ ಪತ್ರಿಕೆಯ ಸಂಪಾದಕರಿಗೂ ಒಂದು ವಿನಂತಿ. ಲೇಖನವನ್ನು ಯೂನಿಕೋಡ್‌ನಲ್ಲೇ ಕಳಿಸಿದ್ದೇನೆ. ಪುಟ ಕಟ್ಟುವಾಗ ದಯವಿಟ್ಟು ಇದನ್ನು ಹಳೆಯ ನುಡಿಗೆ ಬದಲಿಸಬೇಡಿ, ಪಿಡಿಎಫ್ ಹಾಗೆಯೇ ಹೊರಬರಲಿ. ಮಗಳಿಗೆ ಹೇಳಿಟ್ಟಿದ್ದೇನೆ. ಯಾವ ಪುಟದಲ್ಲಿ ಬರುತ್ತದೆ ದೊಡ್ಡಪ್ಪಾ ಎಂದು ಆಗಲೇ ಎರಡು ಸಲ ಕೇಳಿದ್ದಾಳೆ.